‘ಅಂತೆ’ ಹಿಡಿದು ಪ್ಯಾಸೇಜ್ ಗೆದ್ದೆವು: ನನ್ನ ಅನುಭವ

“ಇಂಗ್ಲಿಷ್ ಪರೀಕ್ಷೆಗೆ ಕನ್ನಡದಲ್ಲಿ ಯಾಕೆ ಮಾತಾಡಿಸ್ತೀರಿ ಮೇಷ್ಟ್ರೇ? ಇರೋ ಇಂಗ್ಲಿಷೂ ಹಾಳಾಗುತ್ತೆ.” ಮೂರು ವರ್ಷದ ಹಿಂದೆ ತೀರ್ಥಹಳ್ಳಿ ಕಡೆಯ ಒಬ್ಬರು ಹೀಗೆ ಹೇಳಿ ಮಗನನ್ನು ನನ್ನ ಬ್ಯಾಚಿನಿಂದ ಬಿಡಿಸಿಕೊಂಡು ಹೋದರು. ಶಿವಮೊಗ್ಗದಲ್ಲಿ ನನ್ನ ಜೊತೆ ಪಾಠ ಮಾಡುವವರೂ ಅದನ್ನೇ ಹೇಳಿದ್ದರು. ಈ ಸಲ 11 ಮಕ್ಕಳಲ್ಲಿ 8 ಜನ ಕ್ಲ್ಯಾಟ್ (ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ) ಮಾಕ್ ಟೆಸ್ಟಿನ ಇಂಗ್ಲಿಷ್ ಭಾಗದಲ್ಲಿ 24ಕ್ಕೆ 18 ದಾಟಿದ್ದಾರೆ. ಜೂನ್‌ನಲ್ಲಿ ಇವರೆಲ್ಲ ಒಂಬತ್ತು, ಹತ್ತು ಅಂಕದಲ್ಲಿ ಒದ್ದಾಡುತ್ತಿದ್ದವರು. ಖುಷಿ ಆಗದೆ ಇರುತ್ತಾ?

2020ರಿಂದ ಕ್ಲ್ಯಾಟ್ ಪ್ಯಾಸೇಜ್ ಮೇಲೆಯೇ ನಿಂತಿದೆ, ಅಂದರೆ ಕೊಟ್ಟ ಬರಹ ಓದಿ ಅದರ ಮೇಲಿನ ಪ್ರಶ್ನೆಗೆ ಉತ್ತರಿಸಬೇಕು. ಒಂದೊಂದೂ ಸುಮಾರು 450 ಪದ. ಆಗ ನಾನು ಎಲ್ಲರಂತೆ ಪದಗಳ ಪಟ್ಟಿ ಬಾಯಿಪಾಠ ಮಾಡಿಸಿದೆ. ಸಾವಿರ ಪದ ಕಲಿತರು, ಅಂಕ ಅಲ್ಲೇ ಇತ್ತು. ಆಮೇಲೆ ವೇಗವಾಗಿ ಓದಿಸುವ ಒಂದು ವಿಡಿಯೋ ಕೋರ್ಸಿಗೆ 14,000 ಸುರಿದೆ. ಮಕ್ಕಳು ಬೇಗ ಬೇಗ ಓದಿ ಬೇಗ ಬೇಗ ತಪ್ಪಿದರು. ಒಂದು ತಪ್ಪಿಗೆ ಕಾಲು ಅಂಕ ಹೋಗುತ್ತಲ್ವಾ, ಕೆಲವರ ಅಂಕ ಮೊದಲಿಗಿಂತ ಇಳಿಯಿತು. ಎರಡು ಇಂಗ್ಲಿಷ್ ಪೇಪರ್ ವರ್ಷಪೂರ್ತಿ ತರಿಸಿದೆ, ಅದೊಂದು ನಾಲ್ಕು ಸಾವಿರ. ಹುಡುಗರು ಕ್ರಿಕೆಟ್ ಪುಟ ಬಿಟ್ಟು ಈಚೆ ಬರಲಿಲ್ಲ.

ದಾರಿ ತೋರಿಸಿದ್ದು ಒಬ್ಬ ಹುಡುಗಿ. ಅಣೆಕಟ್ಟುಗಳ ಬಗ್ಗೆ ಒಂದು ಪ್ಯಾಸೇಜ್ ಇತ್ತು. ಅದರಲ್ಲಿ ವಿರೋಧಿಗಳ ವಾದ ‘ನಾಟ್ ವಿದೌಟ್ ಮೆರಿಟ್’ ಅಂತ ಲೇಖಕ ಬರೆದಿದ್ದ. ಅವಳು ‘ನಾಟ್’, ‘ವಿದೌಟ್’ ಎರಡನ್ನೂ ನೋಡಿ, ಲೇಖಕನಿಗೆ ಆ ವಾದ ಒಪ್ಪಿಗೆ ಇಲ್ಲ ಅಂತ ಗುರುತು ಹಾಕಿದ್ದಳು. “ಇದನ್ನೇ ಮನೇಲಿ ಅಜ್ಜಿಗೆ ಹೇಳೋದಾದ್ರೆ ಹೇಗೆ ಹೇಳ್ತೀಯ?” ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಹೇಳೋದ್ರಲ್ಲೂ ಹುರುಳಿಲ್ಲದೆ ಇಲ್ಲ” ಅಂದಳು. ಹೇಳಿದ ತಕ್ಷಣ ತಾನೇ ಪೆನ್ಸಿಲ್ ತಗೊಂಡು ಉತ್ತರ ತಿದ್ದಿದಳು.

ಅವತ್ತಿನಿಂದ ಕ್ರಮ ಬದಲಾಯಿಸಿದೆ. ಒಂದು ಪ್ಯಾರಾ ಓದು, ಅಂಗೈಯಿಂದ ಮುಚ್ಚು, ಕನ್ನಡದಲ್ಲಿ ಒಂದೇ ಸಾಲು ಹೇಳು. ಅನುವಾದ ಬೇಡ, ಸಾರ ಸಾಕು. ಆದರೆ ಒಂದು ಕಟ್ಟುನಿಟ್ಟು: ಲೇಖಕನ ಸ್ವಂತ ಮಾತಾದರೆ ನೇರವಾಗಿ ಹೇಳಬೇಕು, ಬೇರೆಯವರ ಮಾತಾದರೆ ‘ಅಂತೆ’ ಸೇರಿಸಲೇಬೇಕು. “ಅಣೆಕಟ್ಟಿಂದ ಲಾಭ ಜಾಸ್ತಿಯಂತೆ” ಬೇರೆ, “ಲಾಭ ಜಾಸ್ತಿ” ಬೇರೆ. ಪ್ಯಾಸೇಜಿನಲ್ಲಿ ಮೊದಲು ಊರವರ ಅಭಿಪ್ರಾಯ ಬರುತ್ತದೆ, ಆಮೇಲೆ ‘ಹೌಎವರ್’, ‘ಯೆಟ್’ ಬಂದು ಲೇಖಕ ಬಾಯಿ ಬಿಡುತ್ತಾನೆ. ಮಕ್ಕಳು ಬೀಳುವುದು ಈ ಸಂದಿಯಲ್ಲೇ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹಿಂದೆ ಹೋಗಿ ಯಾರ ಮಾತು ಅಂತ ಹುಡುಕಬೇಕು. ನಮ್ಮ ‘ಅಂತೆ’ ಎರಡೇ ಅಕ್ಷರದಲ್ಲಿ ಆ ಕೆಲಸ ಮುಗಿಸುತ್ತದೆ. ಇಷ್ಟು ಒಳ್ಳೆಯ ಸಾಧನ ಬಾಯಲ್ಲೇ ಇಟ್ಟುಕೊಂಡು ಬಳಸದೆ ಇದ್ದೆವಲ್ಲ ಅಂತ ಇವತ್ತಿಗೂ ಅನಿಸುತ್ತದೆ.

ಇನ್ನು ಆಪ್ಷನ್‌ಗಳು. ನನ್ನ ಮಕ್ಕಳಲ್ಲಿ ಅರ್ಧ ಜನ ಅಡಿಕೆ ಮನೆಯವರು. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಅಂತ ದರ್ಜೆ ಬೇರೆ ಮಾಡುವುದನ್ನು ನೋಡಿಯೇ ಬೆಳೆದವರು. ತಪ್ಪು ಉತ್ತರಗಳನ್ನೂ ಹಾಗೇ ಗುಡ್ಡೆ ಹಾಕಿಸಿದೆ. ಅತಿಯಾಗಿ ಹೇಳಿದ್ದು ಒಂದು ಗುಡ್ಡೆ. ಪ್ಯಾಸೇಜಿನಲ್ಲಿ ಇಲ್ಲವೇ ಇಲ್ಲದ್ದು ಇನ್ನೊಂದು. ‘ಅಂತೆ’ ಮಾತನ್ನು ಲೇಖಕನ ತಲೆಗೆ ಕಟ್ಟಿದ್ದು ಮೂರನೆಯದು. ನಿಜವೇ, ಆದರೆ ಕೇಳಿದ ಪ್ರಶ್ನೆಗೆ ಅಲ್ಲ ಅನ್ನುವುದು ಕೊನೆಯದು. ಯಾವ ಗುಡ್ಡೆಯನ್ನು ಮೊದಲು ನೋಡಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ನನ್ನ ಬ್ಯಾಚಿನವರಿಗೆ ಮಾತ್ರ ಹೇಳಿಕೊಡುತ್ತೇನೆ.

ಮೊದಲ ಐದು ವಾರ ಗಡಿಯಾರ ಮುಟ್ಟಲಿಲ್ಲ. ಒಂದು ಪ್ಯಾಸೇಜಿಗೆ ಹನ್ನೆರಡು ನಿಮಿಷ ಹಿಡಿಯುತ್ತಿತ್ತು. 120 ನಿಮಿಷಕ್ಕೆ 120 ಪ್ರಶ್ನೆ ಇರುವ ಪರೀಕ್ಷೆಗೆ ಇದೇನು ಅಂತ ಮನೆಯವರಿಗೆ ಗಾಬರಿ. ಇಬ್ಬರು ಫೀಸ್ ವಾಪಸ್ ಕೇಳಿದರು, ಕೊಟ್ಟೆ. ಆಗಸ್ಟ್ ಹೊತ್ತಿಗೆ ಜೋರಾಗಿ ಹೇಳುವುದು ನಿಲ್ಲಿಸಿ ಮನಸ್ಸಿನಲ್ಲೇ ಹೇಳಿಕೊಳ್ಳಲು ಬಿಟ್ಟೆ. ದಸರಾ ರಜೆ ಮುಗಿಯುವಾಗ ಆರು ನಿಮಿಷಕ್ಕೆ ಬಂತು. ಹೋದ ವರ್ಷ ಆತುರಪಟ್ಟು ಎರಡನೇ ವಾರಕ್ಕೇ ಗಡಿಯಾರ ಇಟ್ಟಿದ್ದೆ, ಇಡೀ ಬ್ಯಾಚ್ ಹಳೇ ಚಾಳಿಗೆ ಹೋಯಿತು.

ಮಧ್ಯೆ ಒಬ್ಬ ಹುಡುಗ ಸ್ಯಾಟ್ (ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಬರೆಯಬೇಕು ಅಂತ ಬಂದ. ಅಲ್ಲಿ ಈಗ ಎಲ್ಲ ಕಂಪ್ಯೂಟರಿನಲ್ಲಿ. ಪ್ಯಾಸೇಜ್ 25ರಿಂದ 150 ಪದ ಅಷ್ಟೇ, ಒಂದಕ್ಕೆ ಒಂದೇ ಪ್ರಶ್ನೆ, ಇಂಗ್ಲಿಷಿನ ಒಂದೊಂದು ಸುತ್ತಿನಲ್ಲಿ 32 ನಿಮಿಷಕ್ಕೆ 27 ಪ್ರಶ್ನೆ. ಇಷ್ಟು ಚಿಕ್ಕದಕ್ಕೆ ಮುಚ್ಚಿ ಹೇಳುವುದರಿಂದ ಸುಮ್ನೆ ಹೊತ್ತು ಹೋಗುತ್ತಿತ್ತು. ಪ್ರಶ್ನೆ ಮೊದಲು ಓದಿಸಿದ ಮೇಲೆ ಸರಿಹೋಯಿತು. ಅದನ್ನೇ ಕ್ಲ್ಯಾಟ್ ಮಕ್ಕಳ ಮೇಲೆ ಹತ್ತು ದಿನ ಪ್ರಯೋಗಿಸಿದೆ, ಅಂಕ ಎರಡು ಮೂರು ಇಳಿಯಿತು. ಬಿಟ್ಟುಬಿಟ್ಟೆ.

ಈ ವರ್ಷ ನನಗೆ ಬಿದ್ದ ಖರ್ಚು ಜೆರಾಕ್ಸಿನದ್ದು ಮಾತ್ರ, ಸುಮಾರು ಎರಡೂವರೆ ಸಾವಿರ. ಈಗ ಕ್ಲ್ಯಾಟ್‌ನ ಕಾನೂನು ಭಾಗದ ಲೀಗಲ್ ಪ್ಯಾಸೇಜಿಗೆ ಇದನ್ನೇ ಒಗ್ಗಿಸಲು ನೋಡುತ್ತಿದ್ದೇನೆ. ಅಲ್ಲಿ ಕೊಟ್ಟ ನಿಯಮವನ್ನು ಹಾಗೇ ಒಪ್ಪಿಕೊಂಡು ನಡೆಯಬೇಕು. ಹಾಗಾಗಿ ‘ಅಂತೆ’ ಅಷ್ಟು ಕೈಹಿಡಿಯುತ್ತಿಲ್ಲ, ‘ಆದರೆ ಮಾತ್ರ’ ಅನ್ನುವುದನ್ನು ಹಿಡಿದು ನೋಡುತ್ತಿದ್ದೇವೆ.