ಗೊಂಬೆಯನ್ನು ಓಟಿ ಬಾಗಿಲಿಗೆ ತಂದೆವು

ನಾನು ಅರಿವಳಿಕೆ ವೈದ್ಯ. ಉತ್ತರ ಕನ್ನಡ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಕೆಲಸ. ಹಸುಗೂಸಿನ ಗಂಟಲಿಗೆ ಉಸಿರಿನ ಟ್ಯೂಬ್ ಹಾಕುವ ಪ್ರಸಂಗ ನಮ್ಮಲ್ಲಿ ದಿನಾ ಬರುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಜೂನಿಯರ್ ಡಾಕ್ಟರ್ ವರ್ಕ್‌ಶಾಪಿನಲ್ಲಿ ಚೆನ್ನಾಗಿಯೇ ಕಲಿತಿರುತ್ತಾರೆ. ನಿಜವಾದ ಮಗು ಎದುರು ಬರುವಷ್ಟರಲ್ಲಿ ಕೈಗೆ ಆ ರೂಢಿ ತಪ್ಪಿರುತ್ತದೆ. ಮಂಗಳೂರಿಗೋ ಹುಬ್ಬಳ್ಳಿಗೋ ಕಳಿಸೋಣವೆಂದರೆ ದಾರಿ ದೂರ, ಮಳೆಗಾಲದಲ್ಲಿ ಆ ದಾರಿಯೂ ಗ್ಯಾರಂಟಿ ಇಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದದ್ದು ಗೊತ್ತಲ್ಲ.

ಅದೇ ವರ್ಷದ ಕೊನೆಗೆ ಬಾಸ್ಟನ್ ಮಕ್ಕಳ ಆಸ್ಪತ್ರೆಯವರ ಒಂದು ಅಧ್ಯಯನ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವರ್ಷದೊಳಗಿನ ಮಕ್ಕಳಿಗೆ ಟ್ಯೂಬ್ ಹಾಕುವ ಮುಂಚಿನ ಒಂದು ಗಂಟೆಯೊಳಗೆ, ಹೊಸ ಡಾಕ್ಟರುಗಳಿಗೆ ತರಬೇತಿಯ ಗೊಂಬೆಯ ಮೇಲೆ ಹತ್ತು ನಿಮಿಷ ಅಭ್ಯಾಸ ಮಾಡಿಸಿದ್ದರು. ಮೊದಲ ಯತ್ನದಲ್ಲೇ ಟ್ಯೂಬ್ ಸರಿ ಹೋದದ್ದು ಶೇ. 91.4ರಷ್ಟು. ಹಾಗೆ ಅಭ್ಯಾಸ ಮಾಡದವರಲ್ಲಿ ಶೇ. 81.6. ಯಕ್ಷಗಾನದ ಆಟ ಶುರುವಾಗುವ ಮೊದಲು ಮದ್ದಳೆಯವರು ಶ್ರುತಿ ಕೂಡಿಸಿಕೊಳ್ಳುತ್ತಾರಲ್ಲ, ಅಂಥದ್ದೇ ಅನ್ನಿಸಿತು.

ನಮ್ಮ ಗೊಂಬೆ ಮಾತ್ರ ಬೇರೆ ಕಟ್ಟಡದಲ್ಲಿ, ಬೀಗದ ಒಳಗೆ. ಸಂಜೆಯಾದರೆ ಕೀಲಿ ಯಾರ ಹತ್ತಿರ ಎಂದು ಹುಡುಕಬೇಕು. ಮಕ್ಕಳು ಹುಟ್ಟುವುದು ಆಫೀಸ್ ಟೈಮ್ ನೋಡಿಕೊಂಡು ಅಲ್ಲವಲ್ಲ! ಹಾಗಾಗಿ ಗೊಂಬೆಯನ್ನು ಓಟಿ, ಅಂದರೆ ಆಪರೇಷನ್ ಥಿಯೇಟರ್, ಪಕ್ಕದ ಕಪಾಟಿಗೆ ತಂದಿಟ್ಟೆವು. ನಿಜ ಹೇಳಬೇಕೆಂದರೆ, ಇಡೀ ಕೆಲಸದಲ್ಲಿ ಜಾಸ್ತಿ ಫಲ ಕೊಟ್ಟದ್ದು ಇದೇ.

ಕಷ್ಟದ ಸಿಸೇರಿಯನ್ ಇದೆಯೆಂದು ಮೊದಲೇ ಗೊತ್ತಾದರೆ ಜೂನಿಯರನ್ನು ಕರೆಯುತ್ತೇನೆ. "ಮಗು ಎಷ್ಟು ತೂಕ ಇರಬಹುದು?" "ಮೂರು ಕೆ.ಜಿ. ಸರ್." "ಹಾಗಾದ್ರೆ ಎಲ್ಲಾ ತೆಗೆದು ಜೋಡಿಸಿ." ನಾಲಿಗೆ ಎತ್ತಿ ಗಂಟಲು ನೋಡುವ ಲ್ಯಾರಿಂಗೋಸ್ಕೋಪಿನ ಒಂದನೇ ನಂಬರಿನ ನೇರ ಬ್ಲೇಡ್, ಮೂರೂವರೆ ಸೈಜಿನ ಟ್ಯೂಬ್, ತುಟಿಯ ಹತ್ತಿರ ಒಂಬತ್ತು ಸೆಂಟಿಮೀಟರ್ ಗುರುತು. ತೂಕಕ್ಕೆ ಆರು ಕೂಡಿಸಿದರೆ ಆ ಲೆಕ್ಕ ಸಿಗುತ್ತದೆ. ಭುಜದ ಕೆಳಗೆ ಮಡಚಿದ ಬಟ್ಟೆ. ಸಿಸ್ಟರ್ ಪಕ್ಕದಲ್ಲಿ ನಿಂತು ಮೂವತ್ತರವರೆಗೆ ಜೋರಾಗಿ ಎಣಿಸುತ್ತಾರೆ. ಅಷ್ಟರಲ್ಲಿ ಟ್ಯೂಬ್ ಹೋಗಿಲ್ಲವೆಂದರೆ ಬ್ಲೇಡ್ ಹೊರಗೆ ತೆಗೆದು ಮಾಸ್ಕಿನಿಂದ ಉಸಿರು ಕೊಡಬೇಕು. ಗೊಂಬೆ ನೀಲಿಗಟ್ಟುವುದಿಲ್ಲ, ಅದಕ್ಕೇ ಈ ಎಣಿಕೆ. ನಿಲ್ಲಿಸುವುದೂ ಕೈಗೆ ರೂಢಿಯಾಗಬೇಕು.

ಕಲಿಸುವವರಿಗೆ ಸುಮ್ನೆ ಇರುವುದೇ ಕಷ್ಟ. ಹತ್ತು ನಿಮಿಷದಲ್ಲಿ ನಾನು ತಿದ್ದುವುದು ಒಂದೋ ಎರಡೋ ವಿಷಯ. ಸಾಮಾನ್ಯವಾಗಿ ಬ್ಲೇಡನ್ನು ಎತ್ತುವ ಬದಲು ಹಿಂದಕ್ಕೆ ಮೀಟುವುದು. ಇಡೀ ಪಾಠ ಹೇಳಲು ಹೋದರೆ ಹುಡುಗರು ಹೆದರಿಕೊಂಡೇ ಒಳಗೆ ಹೋಗುತ್ತಾರೆ.

ಗೊಂಬೆಗೆ ಬಳಸಿದ ಸಾಮಾನು ರೋಗಿಯ ಟ್ರಾಲಿಗೆ ಸೇರಲೇಬಾರದು. ಅದಕ್ಕೆಲ್ಲ ಕೆಂಪು ಟೇಪು ಸುತ್ತಿಟ್ಟಿದ್ದೇವೆ. ಅಭ್ಯಾಸ ಮುಗಿದ ಮೇಲೆ ಎಣಿಸಿಯೇ ಕಪಾಟು ಮುಚ್ಚುವುದು. ಬಾಣಂತಿಯ ಮನೆಯವರ ಕಣ್ಣೆದುರು ಅಭ್ಯಾಸ ಮಾಡಿಸುವುದಿಲ್ಲ. ನೋಡಿದವರು ಬೇರೆಯೇ ತಿಳಿದುಕೊಳ್ಳುತ್ತಾರೆ.

ಓಡೋಡಿ ಬರುವ ಎಮರ್ಜೆನ್ಸಿಗೆ ಇದು ಆಗದು. ಆಗ ಅನುಭವ ಇದ್ದವರೇ ಕೈ ಹಾಕುವುದು.

ಈಗ, ರಕ್ತನಾಳ ಸಿಗದಾಗ ಔಷಧಿ ಕೊಡಲು ಮೂಳೆಯೊಳಗೆ ಸೂಜಿ ಹಾಕುವುದಕ್ಕೂ ಇದೇ ಕ್ರಮ. ಅದಕ್ಕೆ ಗೊಂಬೆ ಬೇಡ, ಅಂಗಡಿಯಿಂದ ತಂದ ಕೋಳಿ ಕಾಲು ಸಾಕು. ಓಟಿ ಹತ್ತಿರ ಅದನ್ನು ತರಲು ಸಿಸ್ಟರ್ ಬಿಡುವುದಿಲ್ಲ, ಬಿಡಬಾರದು ಕೂಡ. ಹೊರಗಿನ ಜಗಲಿಯಲ್ಲಿ ಪೇಪರ್ ಹಾಸಿಕೊಂಡು ಚುಚ್ಚಿಸುತ್ತೇನೆ.