ಅಮೆರಿಕದಲ್ಲಿ ಅಂಬ್ರೆಲಾ ಪಾಲಿಸಿ: ಬೇಕಾ, ಬೇಡ್ವಾ?

ಇಲ್ಲಿಗೆ ಬಂದು ಕಾರು ತಗೊಂಡ ಕೂಡಲೇ ಯಾರಾದರೂ ಕೇಳುತ್ತಾರೆ, "ಅಂಬ್ರೆಲಾ ಮಾಡಿಸಿದ್ರಾ?" ಅಂಬ್ರೆಲಾ ಅಂದರೆ ನಿಮ್ಮ ತಪ್ಪಿನಿಂದ ಬೇರೆಯವರಿಗಾದ ಪೆಟ್ಟು, ನಷ್ಟಕ್ಕೆ ಕಾರಿನ ಅಥವಾ ಮನೆಯ ಇನ್ಶೂರೆನ್ಸ್ ಸಾಲದಾಗ ಮೇಲಿನದ್ದನ್ನು ಕೊಡುವ ಇನ್ನೊಂದು ಪಾಲಿಸಿ. ಉತ್ತರ ಹೇಳುವ ಮೊದಲು ನಿಮ್ಮ ಕಾರ್ ಇನ್ಶೂರೆನ್ಸಿನ ಮೊದಲ ಪುಟ ತೆಗೆದು ನೋಡಿ. ‘ಬಾಡಿಲಿ ಇಂಜುರಿ’ ಅನ್ನೋ ಸಾಲಿನಲ್ಲಿ ಎರಡು ಅಂಕಿ ಇರುತ್ತವೆ. ನಾನು ಕ್ಯಾಲಿಫೋರ್ನಿಯಾಕ್ಕೆ ಬಂದಾಗ ನನ್ನ ಕಾಗದದಲ್ಲಿ ಇದ್ದದ್ದು 15,000/30,000 ಡಾಲರ್. ಆಗ ಕಾನೂನು ಕೇಳುತ್ತಿದ್ದ ಕನಿಷ್ಠ ಅಷ್ಟೇ. 2025ರಿಂದ ಅದು 30,000/60,000 ಆಗಿದೆ. ಅಂದರೆ ನಿಮ್ಮ ತಪ್ಪಿನಿಂದ ಒಬ್ಬರಿಗೆ ಪೆಟ್ಟಾದರೆ ಕಂಪನಿ ಕೊಡುವುದು 30,000ದ ತನಕ. ಎಷ್ಟೇ ಜನರಿಗೆ ಪೆಟ್ಟಾಗಲಿ, ಒಂದು ಆಕ್ಸಿಡೆಂಟಿಗೆ ಒಟ್ಟು 60,000. ಒಂದು ಸರ್ಜರಿ, ನಾಲ್ಕು ದಿನ ಆಸ್ಪತ್ರೆ ಅಂದ್ರೆ ಇದು ಎಲ್ಲಿ ಸಾಲುತ್ತೆ? ಉಳಿದದ್ದು ನಿಮ್ಮ ತಲೆ ಮೇಲೆ.

"ನನ್ನ ಹತ್ರ ಏನಿದೆ ಅಂತ ಕೇಸ್ ಹಾಕ್ತಾರೆ?" ಅಂದುಕೊಂಡು ನಾನು ಎರಡು ವರ್ಷ ಹಾಗೇ ಓಡಿಸಿದೆ. ಅದು ತಪ್ಪು ಲೆಕ್ಕ. ಕೋರ್ಟ್ ತೀರ್ಪು ನಾಳೆಯ ಸಂಬಳಕ್ಕೂ ಕೈ ಹಾಕಬಹುದು. ತೆರಿಗೆ ಕಳೆದು ಉಳಿಯುವ ಸಂಬಳದಲ್ಲಿ ಕಾಲು ಭಾಗದವರೆಗೂ ಹಿಡಿಯಲು ಫೆಡರಲ್ ಕಾನೂನು ಬಿಡುತ್ತದೆ. ಟೆಕ್ಸಾಸ್‌ನಂಥ ಕೆಲವು ರಾಜ್ಯಗಳಲ್ಲಷ್ಟೇ ಇಂಥ ಬಾಕಿಗೆ ಸಂಬಳ ಮುಟ್ಟುವಂತಿಲ್ಲ.

ಅಂಬ್ರೆಲಾ ಶುರುವಾಗುವುದೇ ಕಾರಿನ ಅಥವಾ ಮನೆಯ ಪಾಲಿಸಿ ಮುಗಿದ ಮೇಲೆ. ಸಾಮಾನ್ಯವಾಗಿ ಹತ್ತು ಲಕ್ಷ ಡಾಲರ್ ಲೆಕ್ಕದಲ್ಲಿ ಮಾರುತ್ತಾರೆ. ಮೊದಲ ಹತ್ತು ಲಕ್ಷಕ್ಕೆ ಹೆಚ್ಚಿನವರಿಗೆ ವರ್ಷಕ್ಕೆ ಕೆಲವು ನೂರು ಡಾಲರ್ ಆಗುತ್ತದೆ. ಆದರೆ ಅದನ್ನು ಕೊಡಲು ಬಹಳಷ್ಟು ಕಂಪನಿಗಳು ಕಾರಿನ ಮಿತಿ ಮೊದಲು 250,000/500,000 ಇರಬೇಕು ಅನ್ನುತ್ತವೆ. ಆಮೇಲೆ ದುಡ್ಡು ಉಳಿಸೋಣ ಅಂತ ಕಾರಿನ ಮಿತಿ ಇಳಿಸಿಬಿಟ್ಟರೆ ಇಳಿಸಿದ ಮಿತಿಗೂ ಅವರು ಕೇಳಿದ ಮಿತಿಗೂ ನಡುವಿನ ಅಂತರ ಪೂರ್ತಿ ನಿಮ್ಮ ಜೇಬಿನಿಂದಲೇ. ಇದು ದಯವಿಟ್ಟು ನೆನಪಿರಲಿ.

ಒಬ್ಬರೇ ಇದ್ದೀರಿ, ಬಾಡಿಗೆ ಮನೆ, ಕಾರಿಲ್ಲ ಅಂದರೆ ರೆಂಟರ್ಸ್ ಇನ್ಶೂರೆನ್ಸ್ (ಬಾಡಿಗೆಗೆ ಇರುವವರು ಮಾಡಿಸುವ ಪಾಲಿಸಿ) ಸಾಕು. ಕಾರಿದೆ ಅಂದರೆ ಈ ವಾರವೇ ಅದರ ಮಿತಿ ಏರಿಸಿ, ಅಂಬ್ರೆಲಾ ಆಮೇಲೆ ನೋಡೋಣ. ಸ್ವಂತ ಮನೆ ಇದ್ದರೆ, ಅದರಲ್ಲೂ ಈಜುಕೊಳ, ನಾಯಿ, ಹೊಸದಾಗಿ ಲೈಸೆನ್ಸ್ ತಗೊಂಡ 16ರ ಮಗಳು ಇದ್ದರೆ, ಅಂಬ್ರೆಲಾ ಮಾಡಿಸಲು ತಡ ಮಾಡಬೇಡಿ.

ಒಂದು ಮಾತು. ನಿಮಗೋ ಮನೆಯವರಿಗೋ ಪೆಟ್ಟಾದರೆ ಅಂಬ್ರೆಲಾ ದುಡ್ಡು ಕೊಡುವುದಿಲ್ಲ. ಇನ್ಶೂರೆನ್ಸ್ ಇಲ್ಲದವನು ಬಂದು ಗುದ್ದಿದರೆ ಆಗುವುದು ‘ಅನ್‌ಇನ್ಶೂರ್ಡ್ ಮೋಟರಿಸ್ಟ್’ ಕವರೇಜ್. ಅದು ಎಲ್ಲ ಅಂಬ್ರೆಲಾದಲ್ಲೂ ತಾನಾಗಿ ಇರುವುದಿಲ್ಲ. ಸಹಿ ಹಾಕುವ ಮೊದಲು ಏಜೆಂಟ್‌ಗೆ ಕೇಳಿ, ಬರೆದು ಕೊಡಲು ಹೇಳಿ.