ಸೆವೆನ್ ಸಿಸ್ಟರ್ಸ್‌ಗೆ ಹೋಗೋರು ಇಳಿತದ ಟೈಮ್ ನೋಡ್ಕೊಳ್ಳಿ

ಇಂಗ್ಲೆಂಡಿನ ಸೆವೆನ್ ಸಿಸ್ಟರ್ಸ್ ಬಿಳಿ ಬಂಡೆ ನೋಡೋಕೆ ಹೋಗ್ತಿದ್ದರೆ ಮಳೆ ಬರುತ್ತಾ ಅಂತ ನೋಡುವುದಕ್ಕಿಂತ ಮೊದಲು ಹತ್ತಿರದ ಬಂದರು ನ್ಯೂಹೇವನ್‌ನ ಇಳಿತದ ಸಮಯ, ಅಂದರೆ ಸಮುದ್ರದ ನೀರು ಪೂರ್ತಿ ಇಳಿದಿರೋ ಹೊತ್ತು ನೋಡಿ, ಅದಕ್ಕೆ ಎರಡು ಗಂಟೆ ಮುಂಚೆ ಬರ್ಲಿಂಗ್ ಗ್ಯಾಪ್ ಅನ್ನೋ ಕಡೆ ಮೆಟ್ಟಿಲಿಂದ ಬೀಚಿಗೆ ಇಳಿಯಿರಿ. ಉಬ್ಬರದಲ್ಲಿ ನೀರು ಬಂಡೆಯ ಬುಡದವರೆಗೂ ಬರುತ್ತದೆ, ನಿಲ್ಲೋಕೂ ಜಾಗ ಇರಲ್ಲ. ನೀರು ಇಳಿಯುತ್ತಿರುವಾಗ ಹೋದರೆ ಬಿಳಿ ಹಾಸುಗಲ್ಲು, ಅದರ ಗುಂಡಿಗಳಲ್ಲಿರುವ ಏಡಿ ಎಲ್ಲಾ ಕಾಣುತ್ತದೆ, ವಾಪಸ್ ಬರೋಕೂ ಟೈಮ್ ಇರುತ್ತದೆ. ಕೆಲವು ಉಬ್ಬರ-ಇಳಿತದ ಪಟ್ಟಿಗಳು ಜಿಎಂಟಿಯಲ್ಲಿ (ಗ್ರೀನಿಚ್ ಸಮಯದಲ್ಲಿ) ಇರುತ್ತವೆ, ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಿಕೊಳ್ಳಿ. ಆದರೆ ಜೋರು ಗಾಳಿ ಸಮುದ್ರದಿಂದ ಬೀಸುತ್ತಿದ್ದರೆ ಈ ಲೆಕ್ಕ ನಂಬಬೇಡಿ, ಕೆಲವೊಮ್ಮೆ ಮೆಟ್ಟಿಲನ್ನೇ ಮುಚ್ಚಿರುತ್ತಾರೆ. ಬುಡದಲ್ಲೇ ನಡೆದುಕೊಂಡು ಕಕ್‌ಮಿಯರ್ ನದಿ ಸಮುದ್ರ ಸೇರೋ ಕಕ್‌ಮಿಯರ್ ಹೇವನ್‌ವರೆಗೆ ಹೋಗೋ ಯೋಚನೆ ಬೇಡವೇ ಬೇಡ, ಮಧ್ಯದಲ್ಲಿ ಮೇಲೆ ಹತ್ತೋಕೆ ದಾರಿಯೇ ಇಲ್ಲ. ಇಳಿತ ಇದ್ದರೂ ಬಂಡೆಗೆ ಒರಗಿ ಕೂರಬೇಡಿ, ಸುಣ್ಣದ ಕಲ್ಲು ಅಲ್ವಾ, ಹೇಳದೆ ಕೇಳದೆ ಕುಸಿಯುತ್ತದೆ. ಮೇಲಿನ ಅಂಚೂ ಅಷ್ಟೇ. ಇನ್ನು ಎಲ್ಲರೂ ಹಾಕೋ ಆ ಫೋಟೋ ಸಿಗೋದು ಇಲ್ಲಲ್ಲ, ನದಿಯ ಆಚೆ ಸೀಫರ್ಡ್ ಹೆಡ್ ಕಡೆಯಿಂದ, ಅದೂ ಮಧ್ಯಾಹ್ನದ ಮೇಲೆ ಬಿಸಿಲು ಬಂಡೆಗೆ ಬಿದ್ದಾಗ. ನದಿ ಸಮುದ್ರ ಸೇರೋ ಕಡೆ ಸೇತುವೆ ಇಲ್ಲ, ಸೇತುವೆ ಇರೋ ಎಕ್ಸೀಟ್‌ವರೆಗೆ ಸುತ್ತಿಕೊಂಡೇ ಹೋಗಬೇಕು.